ಕಿವಿರಿನ ಹುಳ ಬಂದ ದಾರಿ: ಒಂದು ಬೋರ್‌ವೆಲ್ ಹೊಂಡ, ಒಂದು ಚಾನಲ್ ಕೊಳ

ಬೆಳಿಗ್ಗೆ 6 ಗಂಟೆಗೆ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಮೀನು ಸಾಕುವವರು ಅಷ್ಟಾಗಿ ಗಾಬರಿಯಾಗುವುದಿಲ್ಲ. ರಾತ್ರಿಯೆಲ್ಲ ಪಾಚಿಯೂ ಮೀನಿನ ಜೊತೆ ಆಮ್ಲಜನಕ ಬಳಸಿರುತ್ತದೆ. ಬಿಸಿಲೇರಿದ ಮೇಲೆ ಅದೇ ಪಾಚಿ ಆಮ್ಲಜನಕ ಬಿಡುತ್ತದೆ, 9 ಗಂಟೆ ಹೊತ್ತಿಗೆ ಮೀನು ಕೆಳಗಿಳಿಯುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟವೊಂದರ ಕೃಷಿ ಹೊಂಡದಲ್ಲಿ ನವೆಂಬರ್ ತಿಂಗಳು ಹಾಗಾಗಲಿಲ್ಲ. ಮಧ್ಯಾಹ್ನ 12 ಆದರೂ ಕಾಟ್ಲಾ ಮರಿಗಳು ಪೈಪಿನ ನೀರು ಬೀಳುವ ಮೂಲೆ ಬಿಟ್ಟು ಕದಲಲಿಲ್ಲ. ಶೇಂಗಾ ಹಿಂಡಿ, ತೌಡಿನ ಉಂಡೆ ತಟ್ಟೆಯಲ್ಲಿ ಹಾಗೇ ಉಳಿಯುತ್ತಿತ್ತು. ಕೆಲವು ಮೀನು ಹೊಂಡದ ಪ್ಲಾಸ್ಟಿಕ್ ಹಾಳೆಗೆ ಮೈ ಉಜ್ಜಿ ಪಕ್ಕನೆ ತಿರುಗುತ್ತಿದ್ದವು. ನೀರಿನಲ್ಲಿ ಆಮ್ಲಜನಕ ಇದ್ದೂ ಮೀನಿಗೆ ಅದು ದಕ್ಕುತ್ತಿಲ್ಲ ಎಂದರೆ ತೊಂದರೆ ನೀರಿನಲ್ಲಿಲ್ಲ, ಕಿವಿರಿನಲ್ಲಿದೆ. ಹಗಲು ಹೊತ್ತು ಮೀನು ಎಲ್ಲಿ ನಿಂತಿದೆ ಎಂದು ನೋಡುವುದೇ ಮೊದಲ ಪರೀಕ್ಷೆ. ಅದಕ್ಕೆ ಖರ್ಚಿಲ್ಲ, ಆದರೂ ಬಹಳ ಮಂದಿ ಇದನ್ನು ಬಿಟ್ಟು ನೇರ ಔಷಧದ ಅಂಗಡಿಗೆ ಹೋಗುತ್ತಾರೆ.

ಮೂರು ವಾರ ಕಳೆದ ಮೇಲೆ ಹರಿಹರದ ಕಡೆ ನಾವೇ ನೋಡಿಕೊಳ್ಳುತ್ತಿದ್ದ ಇನ್ನೊಂದು ಕೊಳದಲ್ಲೂ ಇದೇ ಲಕ್ಷಣ ಕಾಣಿಸಿತು. ಎರಡಕ್ಕೂ ಮೇಲುನೋಟಕ್ಕೆ ಸಂಬಂಧವೇ ಇಲ್ಲ. ಹೊಳಲ್ಕೆರೆಯದು ಹಾಳೆ ಹೊದಿಸಿದ, ಆ ವರ್ಷವೇ ಹೊಸದಾಗಿ ಬೋರ್‌ವೆಲ್ ನೀರು ತುಂಬಿಸಿದ ಹೊಂಡ. ಹರಿಹರದ್ದು 20 ಗುಂಟೆಯ ಮಣ್ಣಿನ ಕೊಳ, ಭದ್ರಾ ಚಾನಲ್ (ಕಾಲುವೆ) ನೀರು ಕುಡಿದು ಬೆಳೆದದ್ದು. ಮರಿ ತಂದ ದಿನ ಬೇರೆ, ತಂದ ಕಡೆ ಬೇರೆ. ಹೀಗಿರುವಾಗ ಒಂದೇ ಹುಳ ಎರಡೂ ಕಡೆ ಹೇಗೆ ಬಂತು ಎಂಬುದನ್ನು ಹಿಡಿಯದೆ ಔಷಧ ಸುರಿದರೆ ಪ್ರಯೋಜನವಿಲ್ಲ. ಮುಂದಿನ ಮರಿಯ ಜೊತೆ ಅದು ಮತ್ತೆ ಬರುತ್ತದೆ.

ಮೊದಲು ಹುಳ ಯಾವುದು ಎಂದು ಗುರುತಿಸಬೇಕು. ಸತ್ತು ತೇಲಿದ ಮೀನು ಇದಕ್ಕೆ ಬರುವುದಿಲ್ಲ. ಮೀನು ಸತ್ತ ಸ್ವಲ್ಪ ಹೊತ್ತಿಗೇ ಹುಳಗಳು ಕಳಚಿಕೊಳ್ಳುತ್ತವೆ ಅಥವಾ ಕೊಳೆಯುತ್ತವೆ, ಕಿವಿರೂ ಬಿಳಿಚುತ್ತದೆ. ಇನ್ನೂ ಉಸಿರಾಡುತ್ತಿರುವ, ನಿತ್ರಾಣವಾಗಿ ದಡ ಹಿಡಿದ 5 ಮೀನು, ಚೆನ್ನಾಗಿ ಓಡಾಡುತ್ತಿರುವ 5 ಮೀನು, ಹೀಗೆ 10 ಮೀನನ್ನು ಹೊಂಡದ ನೀರಿರುವ ಬಕೆಟ್ಟಿನಲ್ಲೇ ತರಬೇಕು. ಕಿವಿರಿನ ಮುಚ್ಚಳವನ್ನು ಕತ್ತರಿಯಿಂದ ತೆಗೆದು, ಕೆಂಪು ಎಳೆಗಳ ತುದಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿ, ಸ್ಲೈಡಿನ ಮೇಲೆ ಹೊಂಡದ ನೀರಿನದೇ ಒಂದು ಹನಿಯಲ್ಲಿ ಬಿಡಿಸಿ, ಮೇಲೆ ಕವರ್ ಸ್ಲಿಪ್ ಇಟ್ಟು ಮೆಲ್ಲಗೆ ಒತ್ತಬೇಕು. ನಲ್ಲಿ ನೀರು ಹಾಕಬಾರದು, ಅದರ ಕ್ಲೋರಿನ್‌ಗೆ ಸಣ್ಣ ಜೀವಿಗಳು ನೋಡುವ ಮೊದಲೇ ಸಾಯುತ್ತವೆ. ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿರುವಂಥ ಸಾಧಾರಣ ಸೂಕ್ಷ್ಮದರ್ಶಕವೇ ಸಾಕು. 40 ಪಟ್ಟಿನಲ್ಲಿ ಹುಡುಕಿ, 100 ಪಟ್ಟಿನಲ್ಲಿ ಗುರುತು ಹಿಡಿಯಬಹುದು.

ಹೊಳಲ್ಕೆರೆಯ ಕಾಟ್ಲಾದ ಮೊದಲ ಸ್ಲೈಡಿನಲ್ಲೇ ಅದು ಕಂಡಿತು. ಕಿವಿರಿನ ಎರಡು ಎಳೆಗಳ ಸಂದಿನಲ್ಲಿ ಹಿಂಭಾಗ ಊರಿಕೊಂಡು, ಮುಂಭಾಗವನ್ನು ಜಿಗಣೆಯಂತೆ ಉದ್ದಕ್ಕೆ ಚಾಚಿ, ಮತ್ತೆ ಮುದುಡಿಕೊಳ್ಳುತ್ತಿತ್ತು. ಒಂದು ಮಿಲಿಮೀಟರಿಗಿಂತ ಕಡಿಮೆ ಉದ್ದ. ತಲೆಯ ತುದಿ ನಾಲ್ಕು ಸಣ್ಣ ಹೋಳಾಗಿದೆ, ಅದರ ಹಿಂದೆ ನಾಲ್ಕು ಕರಿ ಚುಕ್ಕೆ ಕಣ್ಣು. ಹಿಂಬದಿಯಲ್ಲಿ ಗಾಳದಂಥ ಒಂದು ಜೊತೆ ದೊಡ್ಡ ಕೊಕ್ಕೆ, ಅಂಚಿನ ಸುತ್ತ ಪುಟ್ಟ ಕೊಕ್ಕೆಗಳು. ಇದು ಡ್ಯಾಕ್ಟೈಲೋಗೈರಸ್, ಕಿವಿರಿನ ಚಪ್ಪಟೆ ಹುಳ. ಇದರ ನೆಂಟ ಗೈರೋಡ್ಯಾಕ್ಟೈಲಸ್‌ಗೆ ಕಣ್ಣಿನ ಚುಕ್ಕೆ ಇಲ್ಲ, ತಲೆಗೆ ಎರಡೇ ಹೋಳು, ಹೆಚ್ಚಾಗಿ ಚರ್ಮದ ಮೇಲಿರುತ್ತದೆ, ಮೊಟ್ಟೆ ಇಡದೆ ಮರಿ ಹಾಕುತ್ತದೆ. ಎರಡನ್ನೂ ಬೇರೆ ಮಾಡಿ ತಿಳಿಯಲೇಬೇಕು, ಏಕೆಂದರೆ ಔಷಧವನ್ನು ಎಷ್ಟು ಸಲ ಹಾಕಬೇಕು ಎಂಬುದು ಮೊಟ್ಟೆ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಅಕ್ಕಿಕಾಳಿನಷ್ಟು ತುಣುಕಿಗೆ 15ರಿಂದ 20 ಹುಳ ಇದ್ದವು. ಎಳೆಗಳ ತುದಿ ಊದಿ, ಒಂದಕ್ಕೊಂದು ಅಂಟಿ, ಮೇಲೆ ಬೂದು ಲೋಳೆ ಕಟ್ಟಿತ್ತು. ಹುಳ ರಕ್ತ ಹೀರಿ ಮೀನು ಸಾಯುತ್ತದೆ ಎಂದು ಹೇಳುವುದುಂಟು. ನಾವು ಕಂಡಂತೆ ಮೀನನ್ನು ಕೊಲ್ಲುವುದು ಹೆಚ್ಚಾಗಿ ಈ ಲೋಳೆ ಮತ್ತು ದಪ್ಪಗಟ್ಟಿದ ಚರ್ಮ. ಆಮ್ಲಜನಕ ದಾಟಬೇಕಾದ ತೆಳು ಪೊರೆ ಕಂಬಳಿಯಂತಾಗುತ್ತದೆ.

ಇನ್ನು ಎರಡನ್ನು ಪಕ್ಕಕ್ಕಿಡಬೇಕಾಗಿತ್ತು. ಕಿವಿರಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದ್ದರೆ ಅದು ಮಿಕ್ಸೋಬೋಲಸ್ ಎಂಬ ಸೂಕ್ಷ್ಮ ಪರಾವಲಂಬಿಯದು. ಅದಕ್ಕೆ ನೀರಿಗೆ ಹಾಕುವ ಔಷಧ ತಾಗುವುದಿಲ್ಲ. ಅದರ ಬೀಜಕಣ ಕೆಸರಿನಲ್ಲಿ ಉಳಿದು, ಕೆಸರಿನ ಟ್ಯೂಬಿಫೆಕ್ಸ್ ಹುಳದ ಮೂಲಕ ಸುತ್ತು ಹಾಕಿ ಮತ್ತೆ ಮೀನಿಗೆ ಬರುತ್ತದೆ, ಹಾಗಾಗಿ ಕೊಳ ಒಣಗಿಸಿ ಸುಣ್ಣ ಹಾಕುವುದೊಂದೇ ದಾರಿ. ತಟ್ಟೆಯಂತೆ ದುಂಡಗೆ ಗಿರಗಿರ ತಿರುಗುವ ಟ್ರೈಕೋಡಿನಾ ಎಂಬ ಏಕಕೋಶ ಜೀವಿ ಹರಿಹರದ ಕೊಳದಲ್ಲಿ ಅಲ್ಲೊಂದು ಇಲ್ಲೊಂದು ಇತ್ತು. ಅದು ಕೊಳಕ್ಕೆ ಗೊಬ್ಬರವಾಗಿ ಹಾಕಿದ ಸಗಣಿ ಹೆಚ್ಚಾಗಿದೆ ಎಂದು ಹೇಳುತ್ತದೆ, ಅಷ್ಟೆ.

ಔಷಧಕ್ಕೆ ಮೊದಲು ನೀರಿನ ಲೆಕ್ಕ. ನಾವು ನೋಡಿದ ತಪ್ಪುಗಳಲ್ಲೆಲ್ಲ ಹೆಚ್ಚು ಮೀನು ಸಾಯಿಸುವ ತಪ್ಪು ಇಲ್ಲೇ ಆಗುತ್ತದೆ. ಹೊಂಡದ ಅಳತೆ 21×21×3 ಮೀಟರ್ ಎಂದು ಕಾಗದದಲ್ಲಿತ್ತು. ಮೂರನ್ನೂ ಗುಣಿಸಿದರೆ 1,323 ಘನ ಮೀಟರ್. ಅದರ ಮೇಲೆ 2 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 2 ಪಾಲು) ಎಂದು ಲೆಕ್ಕ ಹಾಕಿ 2.65 ಕಿಲೋ ಪೊಟ್ಯಾಸಿಯಂ ಪರ್ಮಾಂಗನೇಟ್ (ಹುಳ ಕೊಲ್ಲಲು ನೀರಿಗೆ ಹಾಕುವ ನೇರಳೆ ಹರಳು) ಎಂಬ ಚೀಟಿ ಆಗಲೇ ತಯಾರಾಗಿತ್ತು. ಆದರೆ ಹೊಂಡ ಡಬ್ಬಿಯಲ್ಲ, ತಲೆಕೆಳಗಾದ ಗೋಪುರ. ಬದಿ 1:1 ಇಳಿಜಾರಾದ್ದರಿಂದ ತಳ 15×15 ಮೀಟರ್ ಮಾತ್ರ. ನೀರಿನ ಆಳ ಅಂದು 2 ಮೀಟರ್, ಅಂದರೆ ನೀರಿನ ಮೇಲ್ಮೈ 19×19. ಮೇಲಿನ ವಿಸ್ತೀರ್ಣ 361, ತಳದ್ದು 225, ನಡುಮಟ್ಟದ 17×17 ಅಂದರೆ 289ರ ನಾಲ್ಕು ಪಟ್ಟು 1,156. ಮೂರನ್ನೂ ಕೂಡಿ ಆಳ 2ರಿಂದ ಗುಣಿಸಿ 6ರಿಂದ ಭಾಗಿಸಿದರೆ 581 ಘನ ಮೀಟರ್ ಬರುತ್ತದೆ. ಒಂದು ಘನ ಮೀಟರಿಗೆ 1 ಗ್ರಾಂ ಹಾಕಿದರೆ 1 ಪಿಪಿಎಂ. ಆ ಚೀಟಿಯಂತೆ ಹಾಕಿದ್ದರೆ 2 ಪಿಪಿಎಂ ಅಲ್ಲ, ಸುಮಾರು 4.6 ಪಿಪಿಎಂ ಆಗುತ್ತಿತ್ತು. ಆ ಹೊಂಡದ ನೀರಿಗೆ ಎಷ್ಟು ಬೇಕೆಂದು ಆಮೇಲೆ ಅಳೆದೆವು. ಅದಕ್ಕಿಂತ ಇದು ಬಹಳ ಹೆಚ್ಚು, ಆಗಲೇ ಬೆಂದಂತಿದ್ದ ಕಿವಿರಿನ ಮರಿಗಳು ತಡೆಯುತ್ತಿರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಐದು ಕಡೆ ಆಳ ಅಳೆಯದೆ ಔಷಧದ ಪೊಟ್ಟಣ ಬಿಚ್ಚಬಾರದು.

ಉಪ್ಪು ಏಕೆ ಬೇಡ ಎಂದು ಕೇಳುವವರಿದ್ದಾರೆ. ಉಪ್ಪು ಒಳ್ಳೆಯದೇ, ಆದರೆ ತೊಟ್ಟಿಯಲ್ಲಿ. 581 ಘನ ಮೀಟರ್ ನೀರನ್ನು ಶೇ. 0.3 ಉಪ್ಪಿಗೆ ತರಲು 1,743 ಕಿಲೋ ಬೇಕು. ಆಮೇಲೆ ಆ ನೀರನ್ನು ಡ್ರಿಪ್ಪಿನಲ್ಲಿ ಅಡಿಕೆಗೆ ಬಿಡುವ ಹಾಗಿಲ್ಲ. ಫಾರ್ಮಲಿನ್ ಎಂಬ ರಾಸಾಯನಿಕ ದ್ರವ ಈ ಹುಳಕ್ಕೆ ಚೆನ್ನಾಗಿ ತಾಗುತ್ತದೆ. ಆದರೆ ಪ್ರತಿ 5 ಪಿಪಿಎಂ ಫಾರ್ಮಲಿನ್ ನೀರಿನಿಂದ ಸುಮಾರು 1 ಪಿಪಿಎಂ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಕೊಳಕ್ಕೆ ಹಾಕುವ 25 ಪಿಪಿಎಂಗೆ 5 ಪಿಪಿಎಂ ಆಮ್ಲಜನಕ ಹೋಯಿತು. 25 ಡಿಗ್ರಿ ಬೆಚ್ಚಗಿನ ನೀರು ತುಂಬಿ ಹಿಡಿದರೂ 8ರ ಆಸುಪಾಸು. ಉಸಿರುಗಟ್ಟುತ್ತಿರುವ ಮೀನಿಗೆ, ತ್ರೀ ಫೇಸ್ ಕರೆಂಟ್ ಬಂದಾಗ ಮಾತ್ರ ಪಂಪ್ ಓಡುವ ಜಾಗದಲ್ಲಿ, ಅದನ್ನು ಹಾಕುವ ಧೈರ್ಯ ನಮಗಿರಲಿಲ್ಲ. ಡಬ್ಬದ ತಳದಲ್ಲಿ ಬಿಳಿ ಗಸಿ ಕಂಡ ಫಾರ್ಮಲಿನ್ ಅಂತೂ ಮೀನಿಗೆ ಇನ್ನೂ ವಿಷ, ಅದನ್ನು ಮುಟ್ಟಲೇಬಾರದು. ಪರ್ಮಾಂಗನೇಟನ್ನೂ ಫಾರ್ಮಲಿನ್ನನ್ನೂ ಒಟ್ಟಿಗೆ ಬೆರೆಸಲೂಬಾರದು.

ಪರ್ಮಾಂಗನೇಟಿಗೂ ಒಂದು ಪರೀಕ್ಷೆ ಇದೆ. ನೀರಿನಲ್ಲಿರುವ ಸಗಣಿ, ಪಾಚಿ, ಕೊಳೆತ ಎಲೆ ಮೊದಲು ಔಷಧವನ್ನು ತಿನ್ನುತ್ತವೆ, ಉಳಿದದ್ದು ಹುಳಕ್ಕೆ. ಒಂದು ಗ್ರಾಂ ಪರ್ಮಾಂಗನೇಟನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ. ಐದು ಗಾಜಿನ ಬಾಟಲಿಗೆ ಹೊಂಡದ ನೀರು ಒಂದೊಂದು ಲೀಟರ್ ತುಂಬಿಸಿ, ಕ್ರಮವಾಗಿ 1, 2, 3, 4, 5 ಮಿಲಿ ದ್ರಾವಣ ಸೇರಿಸಿ. ಅಷ್ಟೇ ಪಿಪಿಎಂ ಆಗುತ್ತದೆ. 15 ನಿಮಿಷ ಬಿಟ್ಟು, ಇನ್ನೂ ಗುಲಾಬಿ ಬಣ್ಣ ಉಳಿದಿರುವ ಎಲ್ಲಕ್ಕಿಂತ ಕಡಿಮೆ ಪ್ರಮಾಣದ ಬಾಟಲಿ ಯಾವುದು ನೋಡಿ, ಅದನ್ನು ಎರಡೂವರೆಯಿಂದ ಗುಣಿಸಬೇಕು. ಹೊಳಲ್ಕೆರೆಯಲ್ಲಿ ಮೊದಲ ಬಾಟಲಿಯಲ್ಲೇ ಬಣ್ಣ ಉಳಿಯಿತು. ಅಂದರೆ 2.5 ಪಿಪಿಎಂ, ಒಟ್ಟು 1.45 ಕಿಲೋ.

ಹರಿಹರದ ನೀರು ಮೂರು ಬಾಟಲಿಗಳನ್ನು 15 ನಿಮಿಷದೊಳಗೆ ಚಹಾದ ಬಣ್ಣಕ್ಕೆ ತಿರುಗಿಸಿತು, ನಾಲ್ಕನೆಯದರಲ್ಲಿ ಮಾತ್ರ ಗುಲಾಬಿ. ಲೆಕ್ಕದಂತೆ 10 ಪಿಪಿಎಂ. ಅಷ್ಟು ಸುರಿಯುವುದಕ್ಕಿಂತ ನೀರನ್ನು ಸರಿ ಮಾಡುವುದೇ ಮೇಲು ಎಂದು ಸಗಣಿ, ಆಹಾರ ನಿಲ್ಲಿಸಿ, ತಳದಿಂದ ಮೂರನೇ ಒಂದು ಪಾಲು ನೀರು ಗದ್ದೆಗೆ ಬಿಟ್ಟು ಹೊಸ ನೀರು ತುಂಬಿಸಿದೆವು. ಎರಡು ದಿನ ಬಿಟ್ಟು ಪರೀಕ್ಷೆ ಮಾಡಿದಾಗ 2ನೇ ಬಾಟಲಿಯಲ್ಲಿ ಬಣ್ಣ ನಿಂತಿತು. 20 ಗುಂಟೆ ಅಂದರೆ ಸುಮಾರು 2,020 ಚದರ ಮೀಟರ್, ಸರಾಸರಿ ಆಳ 1.2 ಮೀಟರ್, ನೀರು 2,430 ಘನ ಮೀಟರ್ ಆಸುಪಾಸು. 5 ಪಿಪಿಎಂಗೆ 12 ಕಿಲೋ. ಒಮ್ಮೆಗೇ ಹಾಕದೆ ಅರ್ಧ ಹಾಕಿ, ಒಂದು ಗಂಟೆ ಮೀನಿನ ನಡೆ ನೋಡಿ, ಆಮೇಲೆ ಉಳಿದದ್ದು.

ಹಾಕುವ ಬಗೆ ಹೀಗೆ. ಹಿಂದಿನ ದಿನದಿಂದ ಆಹಾರ ಇಲ್ಲ. ಬಿಸಿಲಿರುವ ದಿನ ಬೆಳಿಗ್ಗೆ 9ರಿಂದ 10ರೊಳಗೆ. ಮೋಡ ಕವಿದ ದಿನ ಬೇಡ, ಏಕೆಂದರೆ ಪರ್ಮಾಂಗನೇಟ್ ಪಾಚಿಯನ್ನೂ ಕೊಲ್ಲುತ್ತದೆ, ರಾತ್ರಿ ಆಮ್ಲಜನಕ ಕುಸಿಯುತ್ತದೆ. ಹರಳನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ದಡದ ಸುತ್ತ ಮಗ್ಗಿನಿಂದ ಎರಚಬೇಕು. ಕರಗದ ಹರಳನ್ನು ಮೀನು ಆಹಾರವೆಂದು ನುಂಗುತ್ತದೆ, ಹರಳು ಹಾಳೆಯ ಮೇಲೂ ಕೂರುತ್ತದೆ. ಪಂಪಿನಿಂದ ಅದೇ ನೀರನ್ನು ಎತ್ತಿ ಮೇಲಿನಿಂದ ಬೀಳಿಸುತ್ತಿರಬೇಕು. ನೀರು ನೇರಳೆಯಿಂದ ಗುಲಾಬಿಗೆ, ಸಂಜೆ ಹೊತ್ತಿಗೆ ಕಂದಿಗೆ ತಿರುಗಿದರೆ ಸರಿಯಾಗಿದೆ. ಒಂದು ಗಂಟೆಯಲ್ಲೇ ಕಂದಾದರೆ ಔಷಧ ಕೆಸರಿಗೆ ಹೋಯಿತು, ಹುಳಕ್ಕೆ ತಾಗಲಿಲ್ಲ. ಬಣ್ಣ ಪೂರ್ತಿ ಹೋಗುವ ತನಕ ಆ ನೀರು ತೋಟಕ್ಕೆ ಬಿಡಲಿಲ್ಲ.

ಎರಡನೇ ದಿನ ಸ್ಲೈಡಿನಲ್ಲಿ ತುಣುಕಿಗೆ ಎರಡು ಮೂರು ಹುಳ ಉಳಿದಿದ್ದವು. ಆರನೇ ದಿನ ಮತ್ತೆ ನೋಡಿದಾಗ ಸಂಖ್ಯೆ ಏರಿತ್ತು, ಆದರೆ ಎಲ್ಲವೂ ಪುಟ್ಟವು, ಕೊಕ್ಕೆ ಇನ್ನೂ ಪೂರ್ತಿ ಬೆಳೆಯದವು. ಹಳೆಯ ಹುಳ ಸತ್ತಿತ್ತು, ಮೊಟ್ಟೆ ಸತ್ತಿರಲಿಲ್ಲ. ಈ ಹುಳದ ಮೊಟ್ಟೆಗೆ ಗಟ್ಟಿ ಚಿಪ್ಪಿದೆ, ಪರ್ಮಾಂಗನೇಟೂ ಉಪ್ಪೂ ಒಳಗೆ ಹೋಗುವುದಿಲ್ಲ. 25 ಡಿಗ್ರಿ ಆಸುಪಾಸಿನ ನೀರಿನಲ್ಲಿ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆದು, ಮರಿ ಈಜಿ ಕಿವಿರು ಹುಡುಕುತ್ತದೆ. ಎಲ್ಲ ಮೊಟ್ಟೆ ಒಡೆದಿರಬೇಕು, ಹೊಸ ಹುಳ ಇನ್ನೂ ಮೊಟ್ಟೆ ಇಟ್ಟಿರಬಾರದು, ಆ ಸಂದಿಗೆ ಎರಡನೇ ಸಲ ಹಾಕಬೇಕು. ನಾವು ಏಳನೇ ದಿನ ಹಾಕಿದೆವು. ಚಳಿಗೆ ನೀರು ತಣ್ಣಗಾದರೆ ಮೊಟ್ಟೆ ಒಡೆಯುವುದು ನಿಧಾನ, ಆಗ ಇದೇ ಏಳು ದಿನವನ್ನು ಹಿಡಿದುಕೊಂಡು ಕೂತರೆ ಕೆಲಸ ಕೆಡುತ್ತದೆ. ಸ್ಲೈಡು ನೋಡಿಯೇ ದಿನ ಗೊತ್ತುಮಾಡಬೇಕು. "ಔಷಧ ಹಾಕಿದ್ವಿ, ಒಂದು ವಾರ ಚೆನ್ನಾಗಿತ್ತು, ಮತ್ತೆ ಸಾಯೋಕೆ ಶುರುವಾಯ್ತು" ಎನ್ನುವ ಮಾತಿನ ಹಿಂದೆ ಈ ಮೊಟ್ಟೆಗಳೇ ಇರುವುದು.

ಇನ್ನು ಮೂಲದ ಮಾತು. ಬೋರ್‌ವೆಲ್ ನೀರಿನಲ್ಲಿ ಮೀನಿಲ್ಲ, ಹಾಗಾಗಿ ಮೀನಿನ ಹುಳವೂ ಇಲ್ಲ. ಅದು ಆಮ್ಲಜನಕ ಕಡಿಮೆಯ ನೀರು, ಎತ್ತರದಿಂದ ಬೀಳಿಸಿ ತುಂಬಬೇಕು, ಅಷ್ಟೇ ಅದರ ದೋಷ. ಹೊಂಡ ಹೊಸದು, ಹಳೆಯ ಕೆಸರಿಲ್ಲ. ಡ್ಯಾಕ್ಟೈಲೋಗೈರಸ್‌ಗೆ ಹಕ್ಕಿ, ಬಸವನಹುಳು ಯಾವುದರ ಹಂಗೂ ಬೇಡ, ಮೀನಿನಿಂದ ಮೀನಿಗೆ ನೇರ. ಹಾಗಾದರೆ ಹೊಳಲ್ಕೆರೆಗೆ ಅದು ಬರಲು ಉಳಿದ ದಾರಿ ಎರಡೇ, ಮರಿ ಅಥವಾ ಬಲೆ. ಆ ಹೊಂಡಕ್ಕೆ ಬಲೆ ಇಳಿದದ್ದೇ ಮರಿ ಬಿಟ್ಟು ಆರು ವಾರದ ಮೇಲೆ, ಅದೂ ಹೊಸ ಬಲೆ. ಅದೇ ಲಾಟಿನ ಕಾಟ್ಲಾ ಮರಿ ಒಯ್ದಿದ್ದ ಇನ್ನೊಬ್ಬ ರೈತರ ಹೊಂಡದಿಂದ 5 ಮೀನು ತಂದು ನೋಡಿದಾಗ ಅಲ್ಲೂ ಅದೇ ಹುಳ. ಅದಕ್ಕೆ ಮೇಲಾಗಿ, ಈ ಜಾತಿಯ ಹುಳಗಳು ಬಹುಮಟ್ಟಿಗೆ ಒಂದೊಂದು ಮೀನಿಗೇ ಅಂಟಿದಂಥವು. ಗೆಂಡೆಯದು ಗೆಂಡೆಗೆ, ಕಾಟ್ಲಾದ್ದು ಕಾಟ್ಲಾಕ್ಕೆ. ಹೊಂಡದ ಗೆಂಡೆ ಮೀನಿನ ಕಿವಿರು ಕೆಂಪಗೆ ಶುದ್ಧವಾಗಿತ್ತು. ಹುಳ ಕಾಟ್ಲಾ ಮರಿ ತಂದ ಚೀಲದಲ್ಲೇ ಬಂದದ್ದು ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಚೀಲವನ್ನು 20 ನಿಮಿಷ ತೇಲಿಸಿ, ಬಾಯಿ ಬಿಚ್ಚಿ, ಹೊಂಡದ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಕಡೆಗೆ ಎಲ್ಲವನ್ನೂ ಸುರಿಯುವುದು ರೂಢಿ. ತೇಲಿಸುವುದು ಸರಿ, ಸುರಿಯುವುದು ತಪ್ಪು. ಗಂಟೆಗಟ್ಟಲೆ ಪ್ರಯಾಣದಲ್ಲಿ ಸಾವಿರ ಮರಿ ಒತ್ತೊತ್ತಾಗಿದ್ದ ಆ ನೀರಿನಲ್ಲಿ ಮೊಟ್ಟೆ, ಲೋಳೆ, ಈಜುವ ಹುಳಮರಿ ಎಲ್ಲವೂ ಇರುತ್ತವೆ. ಆ ಹೊಂಡಕ್ಕೆ 1,500 ಮರಿ ಬಿಟ್ಟಿದ್ದೂ ಜಾಸ್ತಿ. 19×19 ಮೀಟರ್ ನೀರಿನ ಮೇಲ್ಮೈಗೆ ಚದರ ಮೀಟರಿಗೆ ಒಂದರಂತೆ 350, 400 ಸಾಕು. ಹುಳಮರಿಗೆ ಸಿಗುವುದು ಕೆಲವು ಗಂಟೆಗಳ ಆಯುಸ್ಸು. ದಟ್ಟಣೆ ಹೆಚ್ಚಿದ್ದರೆ ಅಷ್ಟರಲ್ಲೇ ಅದಕ್ಕೊಂದು ಕಿವಿರು ಸಿಕ್ಕಿಬಿಡುತ್ತದೆ.

ಹರಿಹರಕ್ಕೆ ಹೋದದ್ದು ಬಲೆಯಲ್ಲಿ. ಹೊಳಲ್ಕೆರೆಯಲ್ಲಿ ಮೀನಿನ ತೂಕ ನೋಡಲು ಎಳೆದ ಬಲೆಯನ್ನು ಗೋಣಿಚೀಲಕ್ಕೆ ತುಂಬಿ ಅದೇ ಸಂಜೆ ಗೂಡ್ಸ್ ಆಟೋದಲ್ಲಿ ಸಾಗಿಸಲಾಗಿತ್ತು. ಒಣಗಿಸುವ ಮಾತೆತ್ತಿದಾಗ ಬಲೆಯ ಹುಡುಗ ಹೇಳಿದ್ದು, "ನಾಳೆ ಹೆಂಗೂ ನೀರಿಗೇ ಇಳೀತೈತಲ್ರಿ ಅಣ್ಣಾರ, ಒಣಗ್ಸಿ ಏನ್ ಮಾಡ್ತೀರಿ?" ಮಾತು ಸರಿಯೆನಿಸಿ ಎಲ್ಲರೂ ಸುಮ್ಮನಾದೆವು. ಮರುದಿನ ಬೆಳಿಗ್ಗೆ ಹರಿಹರದ ಕೊಳದಲ್ಲಿ ಅದೇ ಬಲೆ, ಅದೇ ಬಕೆಟ್ಟು. ಮೂರು ವಾರದಲ್ಲಿ ಕಾಟ್ಲಾ ಮೇಲೆ ಬಂದವು. ಚಾನಲ್ ನೀರನ್ನು ನಾವು ಮೊದಲು ಅನುಮಾನಿಸಿದ್ದೆವು. ಚಾನಲ್ ಬಿಟ್ಟ ಮೊದಲ ನೀರಿನಲ್ಲಿ ಕಾಡು ಮೀನು ಬರುವುದು ನಿಜ, ತೂಬಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಲೇಬೇಕು. ಆದರೆ ಆ ತಿಂಗಳು ಕೊಳಕ್ಕೆ ಚಾನಲ್ ನೀರು ಬಿಟ್ಟೇ ಇರಲಿಲ್ಲ.

ತಣ್ಣನೆ ಸಮುದ್ರದ ಸಾಲ್ಮನ್ ಸಾಕಣೆಯಲ್ಲೂ ಕಿವಿರಿನ ಕಥೆ ಇದೇ ರೀತಿಯದು. ಅಲ್ಲಿ ಹುಳವಲ್ಲ, ನಿಯೋಪ್ಯಾರಾಮೀಬಾ ಪೆರುರಾನ್ಸ್ ಎಂಬ ಅಮೀಬಾ. 1980ರ ದಶಕದಲ್ಲಿ ಟ್ಯಾಸ್ಮೇನಿಯಾದ ಸಾಕಣೆಗಳಲ್ಲಿ ಕಾಣಿಸಿಕೊಂಡ ರೋಗ, ಅಮೀಬಾಗೆ ಈ ಹೆಸರು ಬಂದದ್ದು 2007ರಲ್ಲಿ. ಕಿವಿರಿನ ಮೇಲೆ ಬಿಳಿ ಲೋಳೆಯ ಮಚ್ಚೆ, ಅದಕ್ಕೆ 0ಯಿಂದ 5ರವರೆಗೆ ಅಂಕ. ಚಿಕಿತ್ಸೆ ನಮ್ಮದಕ್ಕೆ ಪೂರ್ತಿ ತಿರುಗುಮುರುಗು. ಉಪ್ಪುನೀರಿನ ಜೀವಿಯಾದ್ದರಿಂದ ಮೀನನ್ನು ಎರಡು ಮೂರು ಗಂಟೆ ಸಿಹಿನೀರಿನಲ್ಲಿ ಇಡುತ್ತಾರೆ. ನಮ್ಮದು ಸಿಹಿನೀರಿನ ಹುಳ, ಅದಕ್ಕೆ ಉಪ್ಪಿನ ಸ್ನಾನ. ಅಲ್ಲೂ ಒಂದು ಸ್ನಾನಕ್ಕೆ ಮುಗಿಯುವುದಿಲ್ಲ, ಸುತ್ತಲ ನೀರಿನಿಂದ ಮತ್ತೆ ಅಂಟಿಕೊಳ್ಳುತ್ತದೆ. ಕಿವಿರಿಗೆ ಅಂಕ ಕೊಟ್ಟು ಪುಸ್ತಕದಲ್ಲಿ ಬರೆದಿಡುವ ಅವರ ಪದ್ಧತಿ ನಮಗೆ ಬಹಳ ಉಪಯೋಗಕ್ಕೆ ಬಂತು. ಈಗ ಪ್ರತಿ ಹದಿನೈದು ದಿನಕ್ಕೆ 10 ಮೀನಿನ ಕಿವಿರು ನೋಡಿ ಅಂಕ ಬರೆಯುತ್ತೇವೆ. ಮೀನು ಮೇಲೆ ಬರುವ ಮೊದಲೇ ಗೊತ್ತಾಗುತ್ತದೆ.

ಮುಂದಿನ ಮರಿಗೆ ಪ್ರತ್ಯೇಕ ತೊಟ್ಟಿ ಮಾಡಿದೆವು. ಮೊದಲು ಕೊಳದಲ್ಲೇ ಹಾಪಾ (ಸಣ್ಣ ಕಣ್ಣಿನ ಬಲೆಯ ಪೆಟ್ಟಿಗೆ) ಕಟ್ಟಿ ಅದರಲ್ಲಿ ಹದಿನೈದು ದಿನ ಇಡುವ ಯೋಚನೆಯಿತ್ತು, ಅದು ಬರೀ ಸಮಾಧಾನಕ್ಕೆ. ಹಾಪಾದ ಬಲೆ ಮರಿಯನ್ನು ಹಿಡಿಯುತ್ತದೆ, ಹುಳಮರಿಯನ್ನು ಹಿಡಿಯುವುದಿಲ್ಲ, ನೀರು ಒಂದೇ. 4,000 ಲೀಟರಿನ ಟಾರ್ಪಾಲಿನ್ ತೊಟ್ಟಿ, ಅದಕ್ಕೆ 5ರಿಂದ 7 ಸೆಂಟಿಮೀಟರಿನ 1,000 ಮರಿ, ಬ್ಯಾಟರಿ ಇರುವ ಗಾಳಿಯ ಪಂಪು. ದಿನಾ ತಳದಿಂದ ಪೈಪು ಹಾಕಿ ಕಾಲುಭಾಗ ನೀರು ಹೀರಿ ತೆಗೆಯಬೇಕು. ಕಸದ ಜೊತೆ ತಳಕ್ಕೆ ಬಿದ್ದ ಮೊಟ್ಟೆಯೂ ಹೋಗುತ್ತದೆ, ಅಮೋನಿಯಾವೂ ಕಡಿಮೆಯಾಗುತ್ತದೆ. ಆ ನೀರು ಅಡಿಕೆ ಬುಡಕ್ಕೆ, ಕೊಳದ ಕಡೆಗೆ ಹರಿಯದಂತೆ.

ಉಪ್ಪಿನ ಸ್ನಾನಕ್ಕೆ 100 ಲೀಟರ್ ನೀರಿಗೆ 2 ಕಿಲೋ ಕಲ್ಲುಪ್ಪು, ಪ್ಲಾಸ್ಟಿಕ್ ಟಬ್ಬಿನಲ್ಲಿ. ಸತು ಬಳಿದ ತಗಡಿನ ಟಬ್ಬು ಬೇಡ, ಉಪ್ಪಿಗೆ ಸತು ಬಿಟ್ಟುಕೊಂಡು ಮರಿಗೆ ವಿಷವಾಗುತ್ತದೆ. ಉಪ್ಪು ಪೂರ್ತಿ ಕರಗಿರಬೇಕು. ಕೈಬಲೆಯಲ್ಲಿ ಸ್ವಲ್ಪ ಸ್ವಲ್ಪ ಮರಿ ಎತ್ತಿ 3 ನಿಮಿಷ ಮುಳುಗಿಸಬೇಕು, ಯಾವುದಾದರೂ ಮಗ್ಗುಲಾದ ಕೂಡಲೇ ಎತ್ತಬೇಕು. ಗಡಿಯಾರಕ್ಕಿಂತ ಮೀನನ್ನು ನಂಬಬೇಕು. ನಾಲ್ಕೈದು ಸರದಿಗೆ ನೀರು ಲೋಳೆಯಾಗುತ್ತದೆ, ಚೆಲ್ಲಿ ಹೊಸದು ಮಾಡಬೇಕು.

ಬೇಸಿಗೆಗೆ ಮುಂಚೆ ಹರಿಹರಕ್ಕೆ ತಂದ ಮರಿಗೆ ಹೀಗೆ ಮಾಡಿದೆವು. ಚೀಲ ತೊಟ್ಟಿಯಲ್ಲಿ ತೇಲಿಸಿ, ಮರಿಯನ್ನು ಬಲೆಯಲ್ಲಿ ಎತ್ತಿ ಉಪ್ಪಿಗೆ, ಅಲ್ಲಿಂದ ತೊಟ್ಟಿಗೆ, ಚೀಲದ ನೀರು ತೋಟಕ್ಕೆ. ನಾಲ್ಕನೇ ದಿನ 10 ಮರಿಯಲ್ಲಿ 3ಕ್ಕೆ ಒಂದೆರಡು ಹುಳ ಇತ್ತು. ನೋಡಲು ಎಲ್ಲವೂ ಮಿರಿಮಿರಿ ಮಿಂಚುವ ಚುರುಕು ಮರಿಗಳೇ. ಆರು ಮತ್ತು ಹನ್ನೊಂದನೇ ದಿನ ಮತ್ತೆ ಉಪ್ಪು. ಹದಿನಾಲ್ಕನೇ ದಿನ 10 ಮರಿಯ ಸ್ಲೈಡಿನಲ್ಲಿ ಒಂದೂ ಇಲ್ಲ, ಹದಿನೈದಕ್ಕೆ ಕೊಳಕ್ಕೆ ಬಿಟ್ಟೆವು. ಬಲೆಗಳು ಈಗ ಬೇರೆ ಬೇರೆ: ಹೊಳಲ್ಕೆರೆಯದಕ್ಕೆ ಕೆಂಪು ಹಗ್ಗ, ಹರಿಹರದ್ದಕ್ಕೆ ನೀಲಿ, ತೊಟ್ಟಿಯ ಕೈಬಲೆಗೆ ಹಸಿರು. ಬಳಸಿದ ಮೇಲೆ 100 ಲೀಟರಿಗೆ 100 ಗ್ರಾಂ ಬ್ಲೀಚಿಂಗ್ ಪುಡಿ ಕದಡಿದ ಡ್ರಮ್ಮಿನಲ್ಲಿ ಅರ್ಧ ಗಂಟೆ, ಜಾಲಾಡಿ, ತಂತಿಯ ಮೇಲೆ ಹರಡಿ ಎರಡು ಪೂರಾ ಬಿಸಿಲು. ಗಂಟು, ಮಡಿಕೆ, ಸೀಸದ ಗುಂಡಿನ ಸಂದಿ ಒಣಗಿದೆಯೇ ಎಂದು ಆ ಹುಡುಗನೇ ಈಗ ಬೆರಳಲ್ಲಿ ಹಿಂಡಿ ನೋಡುತ್ತಾನೆ, ಆಮೇಲೆ ಗೋಣಿಗೆ ತುಂಬುತ್ತಾನೆ.